ರಶೀದಿ ಬರುವ ತನಕ ಬಾಕಿ

ಊರಿನ ಬಸ್ಸಿನ ಪಾರ್ಸೆಲ್ ಆಫೀಸು ಅಂದರೆ ಮುಂಬಯಿಯ ನಮ್ಮವರಿಗೆ ಬಿಡಿಸಿ ಹೇಳುವುದು ಬೇಡ. ಇಲ್ಲಿಂದ ಅಲ್ಲಿಗೆ ಪಂಪಿನ ಬಿಡಿಭಾಗ, ಸೀರೆಯ ಗಂಟು, ಮದುವೆ ಕಾಗದದ ಕಟ್ಟು, ಊರಲ್ಲಿ ಸಿಗದ ಔಷಧಿ. ಅಲ್ಲಿಂದ ಇಲ್ಲಿಗೆ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿಯ ಭರಣಿ, ಒಣಮೀನು. ಒಣಮೀನಿನ ಗೋಣಿಯನ್ನು ಹಪ್ಪಳದ ಪಕ್ಕ ಇಟ್ಟ ಹುಡುಗನಿಗೆ ಬೈಗುಳ ತಪ್ಪುತ್ತಿರಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ ಮೇಲೂ ನಾನು ಕೆಲಸಕ್ಕಿದ್ದ ಆಫೀಸಿನಲ್ಲಿ ಭರಣಿಗಳ ಸಂಖ್ಯೆ ಇಳಿಯಲಿಲ್ಲ. ಜನ ರೈಲು ಹತ್ತಿದರು, ಉಪ್ಪಿನಕಾಯಿ ಬಸ್ಸಿನಲ್ಲೇ ಬಂತು.

ಆ ಆಫೀಸು ಇದ್ದದ್ದು ಬೈಕುಲ್ಲಾದಲ್ಲಿ, ಸ್ಟೇಷನ್ನಿನ ಪಶ್ಚಿಮ ಬದಿ, ಒಂದು ಹಳೇ ಕಟ್ಟಡದ ಮೊದಲ ಮಾಳಿಗೆ. ಮರದ ಮೆಟ್ಟಿಲು, ಕೆಳಗೆ ನಮ್ಮೂರಿನವರದೇ ಒಂದು ಹೋಟೆಲು. ಕಿಟಕಿ ತೆಗೆದರೆ ತರಕಾರಿ ಮಾರ್ಕೆಟ್ಟಿನ ಕೊತ್ತಂಬರಿ ವಾಸನೆ, ಮುಚ್ಚಿದರೆ ಹೋಟೆಲಿನ ಸಾಂಬಾರಿನದು. ರಾಣಿಬಾಗ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ನಡುರಾತ್ರಿ ಊರೆಲ್ಲ ತಣ್ಣಗಾದ ಮೇಲೆ ಪ್ರಾಣಿಗಳ ಕೂಗು ಕೇಳುತ್ತದೆ ಅಂತ ಪೋಸ್ಟ್ ಮಾಮ ಹೇಳುತ್ತಿದ್ದರು. ನನಗೆ ಕೇಳಿದ್ದು ರೈಲಿನ ಸದ್ದು ಮಾತ್ರ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೋದ ಮೊದಲ ರೈಲಿನ ದಾರಿ ಅದೇ ತಾನೆ, ಅಲ್ಲಿ ಸದ್ದು ನಿಂತದ್ದೇ ಅಪರೂಪ.

ಪೋಸ್ಟ್ ಮಾಮ ಕುಂದಾಪುರದ ಕಡೆಯವರು. ಅಂಚೆ ಇಲಾಖೆಯಲ್ಲಿ ಇಡೀ ಸರ್ವಿಸು ಮುಗಿಸಿ, ಮನೆಯಲ್ಲಿ ಕೂರಲಾಗದೆ ನಮ್ಮಲ್ಲಿ ಬುಕಿಂಗಿಗೆ ಕುಳಿತಿದ್ದರು. ಹೆಸರು ಬೇರೆ ಇತ್ತು, ಯಾರೂ ಕರೆಯುತ್ತಿರಲಿಲ್ಲ. ಕಂಪ್ಯೂಟರು ಬಂದ ಮೇಲೂ ಅವರು ಉದ್ದದ ರಿಜಿಸ್ಟರ್ ಪುಸ್ತಕ ಬಿಡಲಿಲ್ಲ. ಮೊದಲು ಪುಸ್ತಕಕ್ಕೆ, ಆಮೇಲೆ ಮೆಷಿನ್ನಿಗೆ. ಚಾ ಕುಡಿದ ಲೋಟವನ್ನು ಆ ಪುಸ್ತಕದ ಮೇಲೆ ಯಾರಾದರೂ ಇಟ್ಟರೆ ಆ ದಿನ ಅವರ ಹತ್ತಿರ ಮಾತಿಲ್ಲ.

ಇನ್ನೊಬ್ಬರು ಅಕ್ಕ. ಧಾರವಾಡದವರು, ಡೊಂಬಿವಲಿಯಲ್ಲಿ ಮನೆ. ನಮ್ಮ ಪ್ರೋಗ್ರಾಂ ನೋಡಿಕೊಳ್ಳಲು ವಾರಕ್ಕೊಮ್ಮೆಯೋ ಎರಡು ಸಲವೋ ಬರುತ್ತಿದ್ದರು. ಅದನ್ನು ಬರೆದದ್ದು ಅವರಲ್ಲ, ಬರೆದವನು ಬಹಳ ಹಿಂದೆಯೇ ಕೊಲ್ಲಿಗೆ ಹೋಗಿದ್ದ. ಅಕ್ಕ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದರು. ಕರಾವಳಿಯ ನಮಗೆ ಆ ಪುಡಿಯ ಹುಚ್ಚು ಹಿಡಿಸಿದ್ದು ಅವರೇ. ನಾನು ಆಗ ಅವರ ಹಿಂದೆ ಸ್ಟೂಲು ಹಾಕಿಕೊಂಡು ಕೂತು ಕೆಲಸ ಕಲಿಯುವವನು.

ಪ್ರೋಗ್ರಾಮಿನ ಕೆಲಸ ಇಷ್ಟೇ. ಬಿಲ್ ನಂಬರು, ತೂಕ, ಇಳಿಸುವ ಊರು, ಪಡೆಯುವವರ ಫೋನು, ಇವನ್ನು ಇಲ್ಲಿ ಒತ್ತಿದರೆ ಒಂದು ಲೀಸ್ ಲೈನಿನ ಮೇಲೆ ಮಂಗಳೂರಿನ ಸರ್ವರ್ ಮುಟ್ಟಬೇಕು. ಅಲ್ಲಿಯವರು ಪಟ್ಟಿ ನೋಡಿ ದಾರಿಯ ಊರುಗಳಿಗೆ ಫೋನು ಮಾಡುತ್ತಾರೆ. ಭಟ್ಕಳದಲ್ಲಿ ಇಷ್ಟು, ಬೈಂದೂರಿನಲ್ಲಿ ಇಷ್ಟು, ಹೆಮ್ಮಾಡಿಯಲ್ಲಿ ಒಂದು ಪೆಟ್ಟಿಗೆ ಅಂತ. ಪಟ್ಟಿ ತಪ್ಪಿದರೆ ಆ ಊರಲ್ಲಿ ಬಸ್ಸಿಗೆ ಕಾಯುವವರೇ ಇಲ್ಲ, ಪೆಟ್ಟಿಗೆ ನೇರ ಮಂಗಳೂರಿಗೆ.

ಮಳೆಗಾಲ ಬಂತೆಂದರೆ ತಪ್ಪುತ್ತಿತ್ತು. ಕೆಲವು ಬಿಲ್ಲು ಮುಟ್ಟುತ್ತಲೇ ಇರಲಿಲ್ಲ, ಕೆಲವು ಎರಡೆರಡು ಸಲ ಮುಟ್ಟುತ್ತಿದ್ದವು. ಇಲ್ಲಿ ಸ್ಕ್ರೀನಿನ ಮೇಲೆ ಮಾತ್ರ ಪ್ರತಿಯೊಂದರ ಮುಂದೆ ‘ಕಳುಹಿಸಲಾಗಿದೆ’. ಲೈನಿನವರು ಮೆಷಿನ್ ಅಂದರು, ಮೆಷಿನಿನವರು ಲೈನ್ ಅಂದರು. ಯಜಮಾನರು ಇಬ್ಬರಿಗೂ ಬೈದು ಮಂಗಳೂರಿಗೆ ಎಸ್‌ಟಿಡಿ ಮಾಡುತ್ತಿದ್ದರು.

ಇನ್ನು ಆ ಮಳೆ. 2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿದ ದಿನ. ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಅಂತ ಆಮೇಲೆ ಪೇಪರಿನಲ್ಲಿ ಓದಿದಾಗ ಯಾರಿಗೂ ನಂಬಲಾಗಲಿಲ್ಲ. ನಾವು ಇವೆರಡರ ನಡುವಿನವರು. ಮಧ್ಯಾಹ್ನದ ತನಕ ದಿನದಂತೆಯೇ ಇತ್ತು. ಊರಿನ ಬಸ್ಸು ಹೊರಟು ಹೋಗಿತ್ತು. ಊಟ ಮುಗಿಸಿ ಮಾಮ ಪುಸ್ತಕ ಎದುರಿಗಿಟ್ಟುಕೊಂಡು ಬಿಲ್ಲು ಒತ್ತಲು ಕುಳಿತರು. ಮೂರು ಗಂಟೆಯ ಮೇಲೆ ಆಕಾಶ ಕಪ್ಪಾಯಿತು, ಲೈಟು ಹಾಕಬೇಕಾಯಿತು. ಕರೆಂಟು ಹೋಗಲಿಲ್ಲ ಅಂತ ನನ್ನ ನೆನಪು, ಹೋಗಿ ಬಂತು ಅಂತ ಅಕ್ಕ ಹೇಳುತ್ತಾರೆ.

ನಾಲ್ಕರ ಸುಮಾರಿಗೆ ಮಾಮ ಕರೆದರು. “ಹ್ವಾಯ್, ಇದು ಎಂತ? ಪ್ರೋಗ್ರಾಮೇ ಇಲ್ಲ!” ನಿಜಕ್ಕೂ ಇರಲಿಲ್ಲ. ಎರರ್ ಇಲ್ಲ, ಸಂದೇಶ ಇಲ್ಲ. ಬರೀ ಡಾಲರ್ ಚಿಹ್ನೆ, ಅದರ ಪಕ್ಕ ಮಿನುಗುವ ಕರ್ಸರ್. ಮತ್ತೆ ಶುರು ಮಾಡಲು ಹೋದರೆ ಮಂಗಳೂರು ಸಿಗುತ್ತಿಲ್ಲ. ಪ್ರೋಗ್ರಾಮಿನ ಲಾಗ್ ಫೈಲಿನಲ್ಲಿಯೂ ಏನಿಲ್ಲ. ಅದನ್ನು ಓಡಿಸುವ ಸ್ಕ್ರಿಪ್ಟು ಮಾತ್ರ ಕೊನೆಯಲ್ಲಿ ಒಂದು ಸಂಖ್ಯೆ ಬರೆದಿಟ್ಟಿತ್ತು: 141.

ಅಕ್ಕ ಅದನ್ನು ನೋಡಿ, “ನೂರಾ ಇಪ್ಪತ್ತೆಂಟು ತಗದು ನೋಡು,” ಅಂದರು. ಉಳಿದದ್ದು 13. ಯುನಿಕ್ಸ್‌ನಲ್ಲಿ ಹದಿಮೂರನೇ ಸಿಗ್ನಲ್ ಅಂದರೆ ಸಿಗ್‌ಪೈಪ್. ಆ ತುದಿ ಮುಚ್ಚಿಹೋದ ಕನೆಕ್ಷನ್ನಿಗೆ ಬರೆಯಲು ಹೋದವನಿಗೆ ಕರ್ನಲ್ ಕೊಡುವ ಸಿಗ್ನಲ್ಲು ಅದು. ಬೇಡ ಅಂತ ಮೊದಲೇ ಹೇಳಿಡದಿದ್ದರೆ ಪ್ರೋಗ್ರಾಂ ಅಲ್ಲೇ ಸಾಯುತ್ತದೆ, ಒಂದು ಸಾಲು ಬರೆದಿಡಲೂ ಪುರುಸೊತ್ತು ಸಿಗುವುದಿಲ್ಲ.

ಅಷ್ಟರಲ್ಲಿ ರೈಲು ನಿಂತಿತ್ತು. ರಸ್ತೆಯಲ್ಲಿ ನೀರು. ಮೊಬೈಲುಗಳು ಒಂದೊಂದಾಗಿ ಸತ್ತವು. ಡೊಂಬಿವಲಿಗೆ ಹೋಗುವ ಮಾತೇ ಇಲ್ಲ. ಅಕ್ಕನಿಗೆ ಚಿಕ್ಕ ಮಗಳಿದ್ದಳು, ನೆರೆಮನೆಯವರು ನೋಡಿಕೊಳ್ಳುತ್ತಾರೆ ಅಂತ ತಾವೇ ಗಳಿಗೆಗೊಮ್ಮೆ ಹೇಳಿಕೊಳ್ಳುತ್ತಿದ್ದರು. ಕೆಳಗಿನ ಹೋಟೆಲಿನವರು ಶಟರ್ ಅರ್ಧ ಎಳೆದು, ಸಿಕ್ಕಿಬಿದ್ದವರಿಗೆಲ್ಲ ಗಂಜಿ ಇಳಿಸಿದರು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ, ದುಡ್ಡಿನ ಮಾತಿಲ್ಲ. ಮೆಟ್ಟಿಲ ಮೇಲೆಲ್ಲ ಒದ್ದೆ ಬಟ್ಟೆಯ ಜನ, ಮರಾಠಿಯವರು, ಗುಜರಾತಿಯವರು, ನಾಗಪಾಡಾದ ಒಬ್ಬ ಮುದುಕರು. ಅವರು ಹುರುಳಿ ಚಟ್ನಿಯನ್ನು ಮೂರನೇ ಸಲ ಕೇಳಿ ಹಾಕಿಸಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ರಾತ್ರಿ ಬಹಳ ಹೊತ್ತಾದ ಮೇಲೆ ಲ್ಯಾಂಡ್‌ಲೈನಿನಲ್ಲಿ ಮಂಗಳೂರು ಸಿಕ್ಕಿತು. ಅವರ ಹತ್ತಿರ 37ನೇ ಬಿಲ್ಲಿನ ತನಕ ಇತ್ತು. ನಮ್ಮ ಸ್ಕ್ರೀನು 51ರ ತನಕ ‘ಕಳುಹಿಸಲಾಗಿದೆ’ ಅಂದಿತ್ತು. ನಡುವಿನ ಹದಿನಾಲ್ಕರಲ್ಲಿ ಹೆಮ್ಮಾಡಿಯ ಒಂದು ಔಷಧಿ ಪೆಟ್ಟಿಗೆಯೂ ಇತ್ತು.

ಮಾಮ ಕನ್ನಡಕ ಒರೆಸಿಕೊಂಡು ಪುಸ್ತಕ ಬಿಚ್ಚಿದರು. ಒಂದು ಬಿಲ್ಲು ಓದುವುದು, ನಿಲ್ಲಿಸುವುದು. “ಈಗ ನಾ ಹೇಳಿದ್ದು ಎಂತ? ತಿರ್ಗಿ ಹೇಳ್ ಕಾಂಬ.” ಆ ಕಡೆಯವ ತಿರುಗಿ ಹೇಳಬೇಕು. ಸರಿ ಇದ್ದರೆ ಪುಸ್ತಕದಲ್ಲಿ ಕೆಂಪು ಶಾಯಿಯ ಗೀಟು, ಆಮೇಲೆ ಮುಂದಿನದು. ನಡುವೆ ಲೈನು ಎರಡು ಸಲ ಕಡಿಯಿತು. ಮತ್ತೆ ಸಿಕ್ಕಾಗ ಮಾಮ ಮೊದಲಿನಿಂದ ಶುರು ಮಾಡಲಿಲ್ಲ, ಗೀಟು ಬೀಳದ ಮೊದಲ ಬಿಲ್ಲಿನಿಂದ ಹಿಡಿದರು. “ಅದು ಬಂದಿದೆ ಮಾಮ,” ಅಂತ ಆ ಕಡೆಯವ ಒಮ್ಮೆ ಹೇಳಿದ. “ಬಂದಿದ್ರೆ ಒಳ್ಳೆದಾಯ್ತು, ಎರಡು ಸಲ ಬರ್ಕೊಳ್ಬೇಡ. ನಂಬ್ರ ನೋಡ್ಕೊ,” ಅಂದು ಮಾಮ ಗೀಟು ಹಾಕಿದರು.

ಅಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಇದನ್ನೇ ನೋಡುತ್ತಿದ್ದರು.

ಆಮೇಲೆ ಇಬ್ಬರ ಮಾತು ನಡೆಯಿತು. ಇದು ನನಗೆ ಅಕ್ಷರಶಃ ನೆನಪಿದೆ ಅಂತ ಹೇಳಲಾರೆ, ಆದರೆ ಹೀಗೇ ಇತ್ತು. ಸ್ಕ್ರೀನು ‘ಕಳುಹಿಸಲಾಗಿದೆ’ ಅಂತದಲ್ಲ, ಯಾರ ಕೈಗೆ ಕೊಟ್ಟು ಬಂದು ಹಾಗೆ ಹೇಳ್ತದೆ ಅಂತ ಮಾಮ ಕೇಳಿದರು.

“ಕರ್ನಲ್ ಕೈಯಾಗ, ಮಾಮಾ.”

“ಅವ ಇರುದು ಎಲ್ಲಿ?”

“ಇಲ್ಲೇರಿ, ಈ ಮಷಿನ್ನೊಳಗ.”

“ಹಾಂಗಾರೆ ಕಾಗದ ಇನ್ನೂ ಬೈಕುಲ್ಲಾದಲ್ಲೇ ಉಂಟು!”

ಕೆಂಪು ಡಬ್ಬಿಗೆ ಹಾಕಿದ ಕಾಗದ ಬೇರೆ, ರಿಜಿಸ್ಟರ್ ಎ.ಡಿ. ಬೇರೆ ಅಂತ ಅವರು ವಿವರಿಸಿದರು. ಡಬ್ಬಿಗೆ ಬಿದ್ದ ಶಬ್ದ ಕೇಳಿ ಮನೆಗೆ ಬಂದವನಿಗೆ ಗೊತ್ತಿರುವುದು ಬಿದ್ದದ್ದು ಮಾತ್ರ. ಪಡೆದವನ ಸಹಿ ಇರುವ ಚೀಟಿ ವಾಪಸು ಬರುವ ತನಕ ಅಂಚೆಯವನಿಗೂ ಅದು ಬಾಕಿ.

ನೆಟ್‌ವರ್ಕಿನಲ್ಲಿ ‘ರೈಟ್’ ಅನ್ನುವ ಕರೆಯ ಒಳಗುಟ್ಟು ಇದೇ. ಅದು ನೂರಾ ಹದಿನೆಂಟು ಅಕ್ಷರ ಬರೆದೆ ಅಂತ ಉತ್ತರ ಕೊಟ್ಟರೆ ಅಷ್ಟು ಅಕ್ಷರ ಈ ಮೆಷಿನ್ನಿನ ಬಫರಿಗೆ ಹೋಯಿತು ಅಂತ ಅರ್ಥ, ಮಂಗಳೂರಿಗೆ ಹೋಯಿತು ಅಂತಲ್ಲ. ಲಿನಕ್ಸ್‌ನಲ್ಲಿ ಆ ಬಫರು ಸಾಮಾನ್ಯವಾಗಿ 16 ಕಿಲೋಬೈಟಿನಿಂದ ಶುರುವಾಗಿ ಬೇಕಾದಂತೆ ಹಿಗ್ಗುತ್ತದೆ. ನಮ್ಮ ಬಿಲ್ಲಿನ ಸಾಲುಗಳು ಚಿಕ್ಕವು, ಲೈನು ಸತ್ತ ಮೇಲೂ ಎಷ್ಟು ಬೇಕಾದರೂ ಹಿಡಿಯುತ್ತಿದ್ದವು. ಕರ್ನಲ್ ಸುಮ್ಮನಿರುವುದಿಲ್ಲ, ಕಳುಹಿಸಿ ನೋಡುತ್ತದೆ, ಉತ್ತರ ಬಾರದಿದ್ದರೆ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತ ಮತ್ತೆ ಕಳುಹಿಸುತ್ತದೆ, ಕೊನೆಕೊನೆಗೆ ಎರಡು ನಿಮಿಷಕ್ಕೊಂದು ಸಲ. ಹದಿನೈದು ಸಲ ಹಾಗೆ ನೋಡಿ ಕೈಚೆಲ್ಲುವ ಹೊತ್ತಿಗೆ ಕಾಲು ಗಂಟೆ ದಾಟಿರುತ್ತದೆ. ಆ ಕಾಲು ಗಂಟೆಯಲ್ಲಿ ಒತ್ತಿದ ಎಲ್ಲಕ್ಕೂ ‘ಕಳುಹಿಸಲಾಗಿದೆ’!

ಹೇಗೂ ರಾತ್ರಿ ಕಳೆಯಬೇಕಿತ್ತು. ಸರ್ವರಿನ ಒಂದು ಪ್ರತಿ ಅಕ್ಕನ ಹತ್ತಿರ ಇತ್ತು, ಅದನ್ನು ಪಕ್ಕದ ಮೆಷಿನ್ನಿಗೆ ಹಾಕಿದರು. ನಾನು ನಡುವಿನ ವಯರು ಕೀಳಲು ಹೋದೆ. “ಬ್ಯಾಡ, ಅದಕ್ಕ ಬ್ಯಾರೆ ಎರರ್ ಬರ್ತದ,” ಅಂದು ತಡೆದು, ಆ ಮೆಷಿನ್ನಿನ ಫೈರ್‌ವಾಲಿನಲ್ಲಿ ಒಂದು ಸಾಲು ಬರೆದರು, ಬಂದದ್ದನ್ನೆಲ್ಲ ಸದ್ದಿಲ್ಲದೆ ಕೈಬಿಡುವ ಹಾಗೆ. ಮಾಮ ನಿಮಿಷಕ್ಕೊಂದು ಸುಳ್ಳು ಬಿಲ್ಲು ಒತ್ತಿದರು. ಪ್ರೋಗ್ರಾಂ ಕರ್ನಲ್ಲಿನ ಹತ್ತಿರ ಆಡುವ ಪ್ರತಿ ಮಾತನ್ನೂ ತೋರಿಸುವ ಎಸ್‌ಟ್ರೇಸ್ ಇನ್ನೊಂದು ಕಿಟಕಿಯಲ್ಲಿ ಓಡುತ್ತಿತ್ತು. ರೈಟ್, 118. ರೈಟ್, 104. ರೈಟ್, 121. ಎಲ್ಲವೂ ಸರಿ. ಕಾಲು ಗಂಟೆ ದಾಟಿದ ಮೇಲೆ ಒಂದು ರೈಟಿಗೆ ಮೈನಸ್ ಒಂದು, ಟೈಮ್‌ಔಟ್. ಪ್ರೋಗ್ರಾಂ ಆ ಉತ್ತರವನ್ನು ಪರೀಕ್ಷಿಸುತ್ತಲೇ ಇರಲಿಲ್ಲ, ಮುಂದಿನ ಬಿಲ್ಲಿಗೆ ಹೋಯಿತು. ಈ ಸಲ ಬ್ರೋಕನ್ ಪೈಪ್, ಸಿಗ್ನಲ್ಲು, ಡಾಲರ್ ಚಿಹ್ನೆ. ಮಧ್ಯಾಹ್ನ ಕಂಡದ್ದು ಹಾಗೇ ಮತ್ತೆ ಕಂಡಾಗ ಅಕ್ಕ ಮೇಜು ಕುಟ್ಟಿದರು.

ರಿಚರ್ಡ್ ಸ್ಟೀವನ್ಸ್ ಅವರ ಯುನಿಕ್ಸ್ ನೆಟ್‌ವರ್ಕ್ ಪ್ರೋಗ್ರಾಮಿಂಗ್ ಪುಸ್ತಕದಲ್ಲಿ ಈ ಸಿಗ್‌ಪೈಪ್ ಪ್ರಕರಣ ಸ್ಪಷ್ಟವಾಗಿ ಇದೆ. ಆ ಕಡೆ ಮುಚ್ಚಿದ ಮೇಲೆ ಮೊದಲ ಬರಹ ಗೆಲ್ಲುತ್ತದೆ, ಅದಕ್ಕೆ ಉತ್ತರವಾಗಿ ರೀಸೆಟ್ ಬರುತ್ತದೆ, ಎರಡನೆಯದು ಕೊಲ್ಲುತ್ತದೆ. ಕೇಳಿದಷ್ಟನ್ನೂ ಒಂದೇ ಸಲಕ್ಕೆ ರೈಟ್ ಬರೆಯದಿದ್ದರೆ ಉಳಿದದ್ದನ್ನು ಸುತ್ತು ಹಾಕಿ ಬರೆಯುವ ‘ರೈಟ್‌ಎನ್’ ಎಂಬ ಪುಟ್ಟ ಫಂಕ್ಷನ್ನೂ ಅಲ್ಲೇ ಇದೆ. ಸ್ಟೀವನ್ಸ್ 1999ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರನ್ನು ನೋಡದ ನನ್ನಂಥ ಎಷ್ಟು ಜನರಿಗೆ ಅವರು ಗುರು!

ಆದರೆ ಆ ರಾತ್ರಿ ನನಗೆ ಹಿಡಿದದ್ದು ಮೂರನೇ ಸಂಗತಿ. ನಮ್ಮಲ್ಲಿ ಇನ್ನೊಂದು ಹಳೇ ದೂರು ಇತ್ತು: ಕೆಲವೊಮ್ಮೆ ಮಳೆ ಇಲ್ಲ, ಲೈನು ಗಟ್ಟಿ, ಆದರೂ ಕನೆಕ್ಷನ್ ಕಡಿಯುತ್ತದೆ. ಪ್ರೋಗ್ರಾಮನ್ನು ಮತ್ತೆ ಶುರು ಮಾಡಿದರೆ ಅದು ದಿನದ ಪಟ್ಟಿಯನ್ನು ಮೊದಲಿನಿಂದ ಕಳುಹಿಸುತ್ತದೆ, ಮತ್ತೆ ಕಡಿಯುತ್ತದೆ. ಎರಡೆರಡು ಬಿಲ್ಲು ಹುಟ್ಟುತ್ತಿದ್ದದ್ದು ಹಾಗೆ. ಅಂಥ ಒಂದು ದಿನದ ಪಟ್ಟಿಯನ್ನು ಅಕ್ಕ ಆ ರಾತ್ರಿ ಮೇಜಿನ ಮೇಲಿನ ಸರ್ವರಿಗೆ ಒಂದೊಂದೇ ಸಾಲಾಗಿ ಬಿಟ್ಟರು. ಸರ್ವರ್ ಬಾಗಿಲು ಹಾಕಿದ ಗಳಿಗೆಯಲ್ಲಿ ನಿಲ್ಲಿಸಿ, ನೆಟ್‌ಸ್ಟಾಟ್ ಕೊಟ್ಟು ನೋಡಿದರು. ನಮ್ಮ ಕಡೆಯ ಕನೆಕ್ಷನ್ನಿನ ಮುಂದೆ ‘ಕ್ಲೋಸ್ ವೇಟ್’ ಅಂತ ಇತ್ತು. ಬಂದು ಬಿದ್ದಿದ್ದರೂ ಓದದೆ ಉಳಿದ ಅಕ್ಷರಗಳ ಲೆಕ್ಕ ತೋರಿಸುವ ಕಂಬದಲ್ಲಿ ಸೊನ್ನೆ ಇರಲಿಲ್ಲ.

“ಆ ಕಡಿಯಾಂವ ಏನೋ ಹೇಳ್ಯಾನ್ರೀ ಮಾಮಾ,” ಅಂದರು ಅಕ್ಕ. “ನಾವು ಕೇಳೇ ಇಲ್ಲ.”

ಓದಿ ನೋಡಿದರೆ ಒಂದೇ ಸಾಲು: ಈ ಊರಿನ ಕೋಡ್ ಪಟ್ಟಿಯಲ್ಲಿಲ್ಲ. ಅಷ್ಟೇ! ಕೋಡ್ ತಪ್ಪಿದ ಬಿಲ್ಲು ಬಂದರೆ ಸರ್ವರ್ ಕಾರಣ ಹೇಳಿಯೇ ಬಾಗಿಲು ಹಾಕುತ್ತಿತ್ತು. ನಮ್ಮ ಪ್ರೋಗ್ರಾಂ ಪೂರ್ತಿ ಪಟ್ಟಿ ಬರೆದು ಮುಗಿಯುವ ತನಕ ಓದುವ ಗೋಜಿಗೇ ಹೋಗುತ್ತಿರಲಿಲ್ಲ, ನಡುವೆಯೇ ಸತ್ತರೆ ಬಂದ ಕಾರಣವೂ ಜೊತೆಗೇ ಹೋಯಿತು. ಯಾರೋ ಎರಡು ವರ್ಷ ಉತ್ತರ ಕೊಡುತ್ತಲೇ ಇದ್ದರು, ನಾವು ಎರಡು ವರ್ಷ ಲೈನಿಗೆ ಬೈಯುತ್ತಲೇ ಇದ್ದೆವು.

ಬರೆಯುವುದು ಸೋತಿತು ಅಂದ ಮಾತ್ರಕ್ಕೆ ಓದುವುದು ಸೋತಿರುವುದಿಲ್ಲ. ಕ್ಲೈಂಟ್ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. 1999ರ ಎಚ್‌ಟಿಟಿಪಿ ನಿಯಮಪತ್ರವೂ ಇದನ್ನೇ ಹೇಳುತ್ತದೆ: ದೊಡ್ಡ ಸಂದೇಶ ಕಳುಹಿಸುತ್ತಿರುವ ಕ್ಲೈಂಟ್, ನಡುವೆ ಆ ಕಡೆಯಿಂದ ದೋಷದ ಉತ್ತರ ಬಂತೇ ಅಂತ ಕಿವಿಗೊಟ್ಟಿರಬೇಕು. ಸರ್ವರಿಗೂ ಒಂದು ಕರ್ತವ್ಯ ಉಂಟು. ಉತ್ತರ ಕೊಟ್ಟು ತಕ್ಷಣ ಪೂರ್ತಿ ಮುಚ್ಚಿದರೆ, ಆಮೇಲೆ ಬಂದ ಅಕ್ಷರಗಳಿಗೆ ಅದರ ಕರ್ನಲ್ ರೀಸೆಟ್ ಕಳುಹಿಸುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಆ ರೀಸೆಟ್ಟು ಕ್ಲೈಂಟ್ ಇನ್ನೂ ಓದದ ಉತ್ತರವನ್ನೇ ಅಳಿಸಿಹಾಕಬಹುದು. ಆದ್ದರಿಂದ ತಾನು ಬರೆಯುವ ಬಾಗಿಲನ್ನು ಮಾತ್ರ ಮುಚ್ಚಿ, ಎದುರಿನವ ಹೊರಡುವ ತನಕ ಸ್ವಲ್ಪ ಹೊತ್ತು ಓದುತ್ತ ನಿಲ್ಲಬೇಕು. ಅಪಾಚೆ ಸರ್ವರ್ ಹೀಗೇ ಮಾಡುತ್ತದೆ.

ಬೆಳಗಿನ ಜಾವ ಮಾಮ ಪಾರ್ಸೆಲ್ ಗೋಣಿಗಳ ಮೇಲೆ ಮಲಗಿದ್ದರು. ಅಕ್ಕ ಬರೆಯುತ್ತಿದ್ದರು. ಸಿಗ್‌ಪೈಪನ್ನು ಕಡೆಗಣಿಸು ಅಂತ ಮೊದಲೇ ಒಂದು ಸಾಲು, ಆಗ ಸಾವಿನ ಬದಲು ಎರರ್ ಕೈಗೆ ಬರುತ್ತದೆ. ಪ್ರತಿ ರೈಟಿನ ಉತ್ತರ ನೋಡು. ಅರ್ಧ ಬರೆದಿದ್ದರೆ ಉಳಿದದ್ದು ಬರೆ. ಸಿಗ್ನಲ್ಲಿನಿಂದ ಅಡ್ಡಿಯಾಗಿದ್ದರೆ ಅದನ್ನೇ ಮತ್ತೆ ಮಾಡು. ನಿಜವಾದ ಎರರ್ ಆದರೆ ಮೊದಲು ಆ ಕಡೆಯಿಂದ ಬಂದದ್ದನ್ನೆಲ್ಲ ಓದು, ಲಾಗಿಗೆ ಬರೆ, ಆಮೇಲೆ ಮುಚ್ಚು. ಇಷ್ಟು ಸ್ಟೀವನ್ಸ್ ಪಾಠ. ಉಳಿದದ್ದು ಮಾಮನದು: ಬಿಲ್ಲನ್ನು ಮೊದಲು ಇಲ್ಲಿಯ ಫೈಲಿಗೆ ಹಾಕು, ಮಂಗಳೂರು ಅದನ್ನು ತನ್ನ ಡಿಸ್ಕಿಗೆ ಬರೆದ ಮೇಲೆಯೇ ಬಿಲ್ ನಂಬರನ್ನು ತಿರುಗಿ ಹೇಳಲಿ, ಹೇಳಿದ ಮೇಲೆ ಗೀಟು ಹಾಕು, ಮೂವತ್ತು ಸೆಕೆಂಡಿನಲ್ಲಿ ಹೇಳದಿದ್ದರೆ ಬಾಕಿ ಅಂತ ತೋರಿಸು, ಮತ್ತೆ ಕಳುಹಿಸುವಾಗ ಗೀಟಿಲ್ಲದ್ದರಿಂದ ಶುರು ಮಾಡು, ಅದೇ ನಂಬರು ಮತ್ತೆ ಬಂದರೆ ಮಂಗಳೂರು ಎರಡನೇ ಸಲ ಬರೆದುಕೊಳ್ಳದೆ ರಶೀದಿ ಮಾತ್ರ ಕೊಡಲಿ.

ಆ ಕಡೆಯ ಕರ್ನಲ್ಲೇ ಮುಟ್ಟಿತು ಅಂತ ಒಪ್ಪಿಗೆ ಕಳುಹಿಸುತ್ತದಲ್ಲ, ಅದು ಸಾಲದೇ ಅಂತ ನಾನು ಕೇಳಿದ್ದೆ. ಕರ್ನಲ್ ಪಡೆದ ಮರುಗಳಿಗೆ ಅಲ್ಲಿ ಕರೆಂಟು ಹೋದರೆ ಬಿಲ್ಲು ಯಾರ ಹತ್ತಿರ ಇರುತ್ತದೆ ಅಂತ ಅಕ್ಕ ತಿರುಗಿ ಕೇಳಿದರು. ಬಹಳ ವರ್ಷದ ನಂತರ ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1984ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ ಓದಿದೆ. ಸರಿಯಾಗಿ ಮುಟ್ಟಿತೇ ಎಂಬ ಖಾತ್ರಿ ಕೊನೆಗೆ ಎರಡು ತುದಿಯ ಪ್ರೋಗ್ರಾಮುಗಳದ್ದೇ, ನಡುವಿನ ಜಾಲ ಅದನ್ನು ಪೂರ್ತಿ ಕೊಡಲಾರದು ಅನ್ನುವುದು ಅದರ ವಾದ. ಎಂಐಟಿಯಲ್ಲಿ ಒಂದು ಕೆಟ್ಟ ಗೇಟ್‌ವೇ ಅಲ್ಲೊಂದು ಇಲ್ಲೊಂದು ಬೈಟನ್ನು ಅದಲುಬದಲು ಮಾಡಿ, ಕಡೆಗೆ ಜನ ಹಳೇ ಅಚ್ಚಿನ ಪ್ರತಿ ಇಟ್ಟುಕೊಂಡು ಕೈಯಿಂದಲೇ ತಾಳೆ ನೋಡಬೇಕಾಯಿತು ಅಂತ ಅದರಲ್ಲಿ ಬರೆದಿದ್ದಾರೆ. ಓದಿದ ಕೂಡಲೇ ನನಗೆ ಆ ಕೆಂಪು ಶಾಯಿ ನೆನಪಾಯಿತು.

ಮರುದಿನ ಅಕ್ಕ ಹಳಿಯ ಮೇಲೆ ನಡೆದೇ ಹೊರಟರು, ಜೊತೆಗೆ ನೂರಾರು ಜನ. ಎಲ್ಲಿಂದ ರೈಲು ಸಿಕ್ಕಿತೋ, ಮನೆ ಮುಟ್ಟಿದ ಸುದ್ದಿ ಬಂದದ್ದು ಅದರ ಮಾರನೇ ದಿನ. ಮಗಳು ಚೆನ್ನಾಗಿದ್ದಳು. ಮಹಾಡ್ ಕಡೆ ಗುಡ್ಡ ಕುಸಿದು ಮನೆಮಠ ಮಣ್ಣಾದ ಸುದ್ದಿ ಆಗಲೇ ಬಂತು. ನಮ್ಮ ಬಸ್ಸು ದಾರಿಯಲ್ಲಿ ಸಿಕ್ಕಿಬಿದ್ದು, ಸುತ್ತಿ ಬಳಸಿ ಬಹಳ ತಡವಾಗಿ ಊರು ಸೇರಿತು. ಹೆಮ್ಮಾಡಿಯಲ್ಲಿ ಪೆಟ್ಟಿಗೆಗೆ ಕಾಯುವವರು ಕೊಡೆ ಹಿಡಿದು ನಿಂತಿದ್ದರಂತೆ.

ಹೊಸ ಪ್ರೋಗ್ರಾಂ ಓಡಲು ಶುರುವಾದದ್ದು ಗಣೇಶ ಚೌತಿಯ ಹೊತ್ತಿಗೆ. ಸ್ಕ್ರೀನಿನ ಮೇಲೆ ‘ಕಳುಹಿಸಲಾಗಿದೆ’ ಹೋಗಿ ‘ಬಾಕಿ’, ‘ಮುಟ್ಟಿದೆ’ ಅಂತ ಎರಡು ಕಂಬ ಬಂದವು. ಯಜಮಾನರಿಗೆ ಮೊದಮೊದಲು ಅದು ಹಿಡಿಸಲಿಲ್ಲ. “ಮೊದಲು ಎಲ್ಲ ಹೋಗ್ತಿತ್ತು, ಈಗ ನೋಡಿದಾಗಲೆಲ್ಲ ಬಾಕಿ ಬಾಕಿ ಅಂತದೆ,” ಅಂದರು. ಮಾಮ ಪುಸ್ತಕ ಬಿಚ್ಚಿ ಆ 38ರಿಂದ 51ರ ಪುಟ ತೋರಿಸಿದರು. ಯಜಮಾನರು ಪುಟ ನೋಡಿದರು, ಸ್ಕ್ರೀನು ನೋಡಿದರು, ಲೋಟವನ್ನು ಪುಸ್ತಕದಿಂದ ದೂರ ಇಟ್ಟರು. ಮುಂದಿನ ತಿಂಗಳು ವಾಶಿಯ ಬ್ರಾಂಚಿಗೂ ಅದನ್ನೇ ಹಾಕಿಸಿದರು.